ಪಿಂಟ್ಯಾನ ಕೆಮ್ಮು

ಮೊದಲೇ ಹೇಳಿಬಿಡ್ತೀವಿ, ಇದನ್ನು ಬರೆಯುತ್ತಿರುವವರು ಇಬ್ಬರು. ಅಪ್ಪ-ಕಾಕಾನ ಮಕ್ಕಳು ನಾವು. ಊರು ರಾಯಬಾಗ ತಾಲೂಕಿನ ಅಲಖನೂರ. ಊರಲ್ಲಿ ಒಂದೇ ಮನೆ, ಇಲ್ಲಿ ಒಂದೇ ಹಾಸ್ಟೆಲ್ ರೂಮು. ಬ್ರ್ಯಾಂಚ್ ಮಾತ್ರ ಬೇರೆ: ಒಬ್ಬ ಮೆಕ್ಯಾನಿಕಲ್, ಇನ್ನೊಬ್ಬ ಸಿವಿಲ್. ಯಾವ ಸಾಲು ಯಾರದು ಅಂತ ಕೇಳಬೇಡಿ, ಅದಕ್ಕಾಗಿ ಈಗಾಗಲೇ ಎರಡು ದಿನ ಜಗಳ ಆಗಿದೆ.

ಕಳೆದ ವರ್ಷ ಇಂಟರ್ನಲ್ಸ್ ಹಿಂದಿನ ರಾತ್ರಿ ಪಕ್ಕದ ರೂಮಿನವರು ಬಾಗಿಲು ಬಡಿದು, "ಯಾರಿಗರೇ ಟಿಬಿ ಐತೇನ್ರೋ ಒಳಗ?" ಅಂತ ಕೇಳಿದ್ದರು. ಒಳಗೆ ಕೆಮ್ಮುತ್ತಿದ್ದದ್ದು ನಮ್ಮ ಫೋನು. ಅವ್ವ ಕಳಿಸಿದ್ದ ಹದಿನೆಂಟು ಸೆಕೆಂಡಿನ ಆಡಿಯೋ. ಅದನ್ನ ಹತ್ತು ಸಲ ಹಚ್ಚಿ ಕೇಳಿ, ನೆಟ್‌ನಲ್ಲಿ ಸಿಕ್ಕ ಬೇರೆ ಬೇರೆ ನಾಯಿಗಳ ಕೆಮ್ಮಿನ ಜೊತೆ ಹೋಲಿಸುತ್ತಾ ಕೂತಿದ್ದೆವು. ನಾಯಿ ಕೆಮ್ಮು ಅಂದ ಮೇಲೆ ಪಕ್ಕದವರು ನಕ್ಕು ಹೋದರು. ನಮಗೆ ನಗು ಬರಲಿಲ್ಲ.

ಪಿಂಟ್ಯಾ ನಮ್ಮ ಮನೆಯ ನಾಯಿ. ನಮ್ಮ ಭಾಗದಲ್ಲಿ ನಾಯಿ ಅಂದರೆ ಮುಧೋಳ ನಾಯಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಸ್ಟಾಂಪೇ ತಂದಿತ್ತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಅದರ ತಳಿಗಾಗಿಯೇ ಸಂಶೋಧನಾ ಕೇಂದ್ರ ಇದೆ. ಉದ್ದ ಕಾಲು, ಬಡಕಲು ಹೊಟ್ಟೆ, ಬಿಟ್ಟರೆ ಬಾಣ. ಅಂಥ ಸೀಮೆಗೆ ಕಾಕಾ ಮಿರಜದಿಂದ ಬುಟ್ಟಿಯಲ್ಲಿ ಒಂದು ಬಿಳಿ ಹತ್ತಿ ಉಂಡಿ ತಂದರು. ನಾವಾಗ ಹೈಸ್ಕೂಲು. ಪಾಮೇರಿಯನ್ ಅಂತ ಹೇಳಿ ಕೊಟ್ಟಿದ್ದರಂತೆ. ಆಮೇಲೆ ಡಾಕ್ಟರು ನೋಡಿ ಇದು ಇಂಡಿಯನ್ ಸ್ಪಿಟ್ಜ್ ಅಂದರು. ನಮ್ಮ ದೇಶದಲ್ಲಿ ಪಾಮೇರಿಯನ್ ಅಂತ ಕರೆಸಿಕೊಳ್ಳೋ ಎಷ್ಟೋ ನಾಯಿಗಳು ಅಸಲಿಗೆ ಅವೇ ಅಂತ. ಅಜ್ಜ ಮಾತ್ರ ಮೊದಲ ದಿನವೇ, "ಇದು ನಾಯಿ ಅಲ್ಲೋ, ಮೊಲಾ ತಂದೀರಿ" ಅಂದಿದ್ದ.

ಮೊಲ ಅನ್ನಿಸಿಕೊಂಡ ಸಿಟ್ಟಿಗೋ ಏನೋ, ಪಿಂಟ್ಯಾ ಬಾಗಿಲ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಹಾಯ್ದರೆ ಸಾಕು, ಸರಪಳಿ ಹರಿಯೋ ಹಾಗೆ ಹಾರುತ್ತಿದ್ದ. ಕೊರಳಲ್ಲಿ ಗೆಜ್ಜೆ ಇದ್ದ ಚರ್ಮದ ಪಟ್ಟಿ, ಪಟ್ಟಿಗೆ ಸರಪಳಿ, ಸರಪಳಿ ಪಡಸಾಲಿ ಕಂಬಕ್ಕೆ. ನಮ್ಮ ಕಡೆ ಸೀಜನ್ ಶುರುವಾದರೆ ಟ್ರ್ಯಾಕ್ಟರ್‌ಗೆ ಲೆಕ್ಕ ಇಲ್ಲ, ಎರಡೆರಡು ಟ್ರೇಲರ್ ಹಚ್ಚಿಕೊಂಡು ಹಾಡು ಹಾಕಿಕೊಂಡು ಹೋಗುತ್ತಿರುತ್ತವೆ. ಪ್ರತಿಯೊಂದಕ್ಕೂ ಅವನು ಹಾರುತ್ತಿದ್ದ, ಸರಪಳಿ ಹಿಂದಕ್ಕೆ ಜಗ್ಗುತ್ತಿತ್ತು. ಅದನ್ನ ನೋಡಿ ನಾವು ನಗುತ್ತಿದ್ದೆವು. ಅಷ್ಟೇ ಅಲ್ಲ, ನಾವೇ ಅವನನ್ನ ಹೊಲಕ್ಕೆ ಕರಕೊಂಡು ಹೋಗಿ "ಜಗ್ಗೋ ಪಿಂಟ್ಯಾ" ಅಂತ ಹುರುಪು ಹಚ್ಚಿ, ಸೈಕಲ್ ಎಳೆಸುತ್ತಿದ್ದೆವು. ಆ ವಿಡಿಯೋಗಳು ಇನ್ನೂ ನಮ್ಮ ಫೋನಿನಲ್ಲಿವೆ. ಈಗ ಹಚ್ಚಿ ನೋಡೋಕೆ ಆಗೋದಿಲ್ಲ.

ಅವನಿಗೆ ಆರು ವರ್ಷ ದಾಟಿದ ಮೇಲೆ ಕೆಮ್ಮು ಶುರುವಾಯಿತು. ನಾವಾಗ ಇಲ್ಲಿ ಕಾಲೇಜಿನಲ್ಲಿ. ಮನುಷ್ಯರ ಕೆಮ್ಮಿನ ಹಾಗಲ್ಲ ಅದು. ಒಣಾ ಒಣಾ, ಗಟ್ಟಿಯಾಗಿ, ಹಳೇ ಬಸ್ಸಿನ ರಬ್ಬರ್ ಹಾರ್ನ್ ಒತ್ತಿದ ಹಾಗೆ. ಕೊನೆಗೆ ಒಮ್ಮೆ ವಾಂತಿ ಬಂದ ಹಾಗೆ ಬಾಯಿ ತೆರೆಯುತ್ತಾನೆ, ಏನೂ ಬರೋದಿಲ್ಲ. ನೋಡಿದವರೆಲ್ಲ ಹೇಳಿದ್ದು ಒಂದೇ: ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ. "ಎಲುಬ ಸಿಕ್ಕಿರಬೇಕ ನೋಡ್ರಿ" ಅಂತ ಓಣಿ ಮಂದಿ. ನಮ್ಮದು ಎಲುಬು ಬರೋ ಮನೆಯೇ ಅಲ್ಲ, ಆದರೂ ಆಯಿ ತುಪ್ಪ ಹಚ್ಚಿದ ರೊಟ್ಟಿ ತುಣುಕು ನುಂಗಿಸಿದಳು. ಆಮೇಲೆ ಬಾಳೆಹಣ್ಣು. ಆಮೇಲೆ ಅರಿಶಿನ ಹಾಕಿದ ಹಾಲು. ಕಾಕಾ ಮನೆಯಲ್ಲಿ ಉಳಿದಿದ್ದ ಕೆಮ್ಮಿನ ಸಿರಪ್ ಒಂದು ಚಮಚ ಹಾಕಿದರು, ಫೋನಿನಲ್ಲಿ "ಹಾಕ್ರಿ, ಏನಾಗೂದಿಲ್ಲ" ಅಂದವರು ನಾವೇ. ಪಿಂಟ್ಯಾ ಒಂದು ಹಗಲು ಪೂರ್ತಿ ಎದ್ದೇಳಲಿಲ್ಲ. ಮುಂದೆ ಡಾಕ್ಟರಿಂದ ಬೈಸಿಕೊಂಡಾಗಲೇ ತಿಳಿದದ್ದು: ಮನುಷ್ಯರ ಕೆಲವು ಸಿರಪ್‌ಗಳಲ್ಲಿ ಸಿಹಿಗೆ ಹಾಕೋ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆ ಇಳಿಸುತ್ತದೆ, ಲಿವರ್ ಕೆಡಿಸುತ್ತದೆ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೂಡ ನಮ್ಮ ಹಾಗೆ ನುಂಗಿಸೋ ಗುಳಿಗೆಗಳಲ್ಲ. ನಿಮ್ಮ ಮನೆಯಲ್ಲಿ ನಾಯಿ ಇದ್ದರೆ ಈ ಒಂದು ಸಾಲಾದರೂ ನೆನಪಿಡಿ, ಉಳಿದದ್ದು ಓದದಿದ್ದರೂ ನಡೆಯುತ್ತದೆ.

ದನದ ದವಾಖಾನಿಯ ಡಾಕ್ಟರು ಒಳ್ಳೆಯವರು. ಎಮ್ಮೆ, ಆಕಳ ಸಾಲಿನಲ್ಲಿ ಪಿಂಟ್ಯಾನನ್ನ ಎತ್ತಿಕೊಂಡು ನಿಂತ ಕಾಕಾನನ್ನ ನೋಡಿ ನಕ್ಕರೂ, ಸರಿಯಾಗಿ ನೋಡಿದರು. ಮೊದಲು ಕೆನಲ್ ಕಾಫ್ ಇರಬಹುದು ಅಂದರು. ನಾಯಿಗಳಲ್ಲಿ ಒಂದರಿಂದ ಒಂದಕ್ಕೆ ಹರಡೋ ಕೆಮ್ಮು ಅದು. ಬೋರ್ಡೆಟೆಲ್ಲಾ ಅನ್ನೋ ಬ್ಯಾಕ್ಟೀರಿಯಾ, ಪ್ಯಾರಾ-ಇನ್‌ಫ್ಲೂಯೆಂಜಾ ವೈರಸ್ ಇಂಥವುಗಳಿಂದ ಬರುತ್ತೆ, ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಇಳಿಯುತ್ತೆ. ಗುಳಿಗೆ ಕೊಟ್ಟರು. ಮೂರು ವಾರ ಹೋಯಿತು, ಆರು ವಾರ ಹೋಯಿತು, ಇಳಿಯಲಿಲ್ಲ. ಎರಡನೇ ಸಲ ಹೋದಾಗ ಡಾಕ್ಟರು ಕುತ್ತಿಗೆಯ ಮುಂಭಾಗದಲ್ಲಿ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿದರು. ತಕ್ಷಣ ಹಾರ್ನ್ ಶುರು. "ಇದು ಸೋಂಕಿಂದ ಕಾಣೂದಿಲ್ರಿ, ಬೆಳಗಾವಿಗೆ ಹೋಗಿ ಎಕ್ಸ್‌ರೇ ತಗಸ್ರಿ" ಅಂದರು.

ನಾಯಿಗೆ ಎಕ್ಸ್‌ರೇ! ಊರಲ್ಲಿ ಈ ಮಾತು ಹಬ್ಬೋಕೆ ಅರ್ಧ ತಾಸೂ ಬೇಕಾಗಲಿಲ್ಲ. ದಸರಾ ರಜೆಗೆ ನಾವು ಊರಿಗೆ ಹೋದಾಗ ಗಾಡಿ ಮಾಡಿಕೊಂಡು ಹೊರಟೆವು. ಗಾಡಿ ಬಾಡಿಗೆ, ಫೋಟೋ, ಔಷಧಿ ಎಲ್ಲ ಸೇರಿ ಎರಡು ಟನ್ ಕಬ್ಬಿನ ಬಿಲ್ಲು ಹೋಯಿತು. ನಮ್ಮ ಮನೆಯಲ್ಲಿ ಖರ್ಚು ಅಳೆಯೋದು ಟನ್ನಿನಲ್ಲೇ. ನಮ್ಮ ಸೆಮಿಸ್ಟರ್ ಫೀ ಕೂಡ.

ಬೆಳಗಾವಿಯ ಡಾಕ್ಟರು ಎರಡು ಫೋಟೋ ತೆಗೆಸಿದರು, ಒಂದು ಉಸಿರು ಎಳೆದಾಗಿನದು, ಒಂದು ಬಿಟ್ಟಾಗಿನದು. ಆ ಪರದೆಯ ಮುಂದೆ ನಿಂತಾಗ ನಮಗೆ ಇಂಜಿನಿಯರಿಂಗ್ ಓದಿದ್ದಕ್ಕೆ ಮೊದಲ ಸಲ ಒಂದು ಉಪಯೋಗ ಕಂಡಿತು. ಶ್ವಾಸನಾಳ ಅಂದರೆ ಒಂದು ಪೈಪು. ಅದು ಮುಚ್ಚಿಹೋಗದ ಹಾಗೆ ಮೃದ್ವಸ್ಥಿಯ ಉಂಗುರಗಳು ಹಿಡಿದಿರುತ್ತವೆ, ವ್ಯಾಕ್ಯೂಮ್ ಕ್ಲೀನರ್ ಪೈಪಿನಲ್ಲಿ ಇರೋ ಸುರುಳಿಯ ಹಾಗೆ. ಆದರೆ ಉಂಗುರ ಪೂರ್ತಿ ಇರೋದಿಲ್ಲ, ಇಂಗ್ಲಿಷ್ ಸಿ ಅಕ್ಷರದ ಆಕಾರ. ತೆರೆದ ಬಾಯಿಗೆ ಮೇಲ್ಗಡೆ ಒಂದು ಪೊರೆ ಹೊದಿಸಿರುತ್ತೆ. ಕೆಲವು ಸಣ್ಣ ಜಾತಿಯ ನಾಯಿಗಳಲ್ಲಿ, ಪಾಮೇರಿಯನ್, ಯಾರ್ಕ್‌ಶೈರ್ ಟೆರಿಯರ್, ಚಿವಾವಾ ಇಂಥವುಗಳಲ್ಲಿ, ವಯಸ್ಸಾಗುತ್ತಾ ಆ ಉಂಗುರ ಮೆತ್ತಗಾಗುತ್ತೆ. ಸಿ ಅಗಲವಾಗಿ ಚಪ್ಪಟೆಯಾಗುತ್ತೆ, ಪೊರೆ ಜೋತುಬಿದ್ದು ಒಳಗೆ ಇಳಿಯುತ್ತೆ. ಕುತ್ತಿಗೆ ಭಾಗದ ನಾಳ ಉಸಿರು ಎಳೆದಾಗ ಕುಸಿಯುತ್ತೆ, ಎದೆಗೂಡಿನ ಒಳಗಿನದು ಉಸಿರು ಬಿಟ್ಟಾಗ. ಎರಡು ಫೋಟೋ ಯಾಕೆ ಅಂತ ಆಗ ಗೊತ್ತಾಯಿತು. ಇದಕ್ಕೆ ಟ್ರೇಕಿಯಲ್ ಕೊಲ್ಯಾಪ್ಸ್ ಅಂತಾರೆ. ನಾಲ್ಕು ಹಂತ, ಒಂದೊಂದಕ್ಕೂ ಸುಮಾರು ಕಾಲು ಭಾಗದಷ್ಟು ಹೆಚ್ಚು ಮುಚ್ಚಿರುತ್ತೆ. ಪಿಂಟ್ಯಾನದು ಎರಡನೇ ಹಂತ, ಕುತ್ತಿಗೆಯಲ್ಲಿ.

ಅರ್ಧ ಮುಚ್ಚಿದರೆ ಗಾಳಿಯೂ ಅರ್ಧ ಬರುತ್ತೆ ಅಂತ ಅನ್ನಿಸೋದು ಸಹಜ. ಪಾಯ್‌ಸೆಲ್ ಸೂತ್ರ ನೆನಪಿದೆಯಾ? ಮೂರನೇ ಸೆಮ್‌ನಲ್ಲಿ ಎಂಟು ಮಾರ್ಕ್ಸಿಗೆ ಬಾಯಿಪಾಠ ಮಾಡಿದ್ದು. ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಪಾತ. ತ್ರಿಜ್ಯ ಅರ್ಧ ಆದರೆ ಹರಿವು ಹದಿನಾರನೇ ಒಂದು ಭಾಗ. ಶ್ವಾಸನಾಳದಲ್ಲಿ ಹರಿವು ಸದಾ ಲ್ಯಾಮಿನಾರ್ ಇರೋದಿಲ್ಲ, ಚಪ್ಪಟೆಯಾದ ಪೈಪು ದುಂಡಗೂ ಇರೋದಿಲ್ಲ, ಹಾಗಾಗಿ ಲೆಕ್ಕ ತಂದು ಇಲ್ಲಿ ಹಾಗೇ ಕೂರಿಸೋಕಾಗಲ್ಲ. ಆದರೂ ಗಾಡಿಯಲ್ಲಿ ವಾಪಸ್ ಬರುವಾಗ ಇಬ್ಬರಿಗೂ ಅದೇ ತಲೆಯಲ್ಲಿ. ಅಂದ ಹಾಗೆ ಪಾಯ್‌ಸೆಲ್ ಓದಿದ್ದು ಇಂಜಿನಿಯರಿಂಗ್ ಅಲ್ಲ, ಆತ ಫ್ರಾನ್ಸಿನ ಡಾಕ್ಟರು, ರಕ್ತ ಹರಿಯೋದರ ಮೇಲೆ ಕೆಲಸ ಮಾಡಿದವನು. ಕ್ಲಾಸಿನಲ್ಲಿ ಇದನ್ನ ಯಾರೂ ಹೇಳಿರಲಿಲ್ಲ.

ಆಪರೇಶನ್ ಇದೆಯಾ ಅಂತ ಕೇಳಿದೆವು. ಇದೆ, ಒಳಗೆ ಸ್ಟೆಂಟ್ ಕೂರಿಸುತ್ತಾರೆ. ನಿಟಿನಾಲ್ ಅನ್ನೋ ಲೋಹದ ಜಾಳಿಗೆ. ನಿಕ್ಕಲ್, ಟೈಟಾನಿಯಂ, ಜೊತೆಗೆ ಅದನ್ನ ಕಂಡುಹಿಡಿದ ಅಮೆರಿಕದ ನೇವಲ್ ಆರ್ಡನನ್ಸ್ ಲ್ಯಾಬೊರೇಟರಿ, ಮೂರರ ಮೊದಲಕ್ಷರ ಸೇರಿ ಆ ಹೆಸರು. ಮಟೀರಿಯಲ್ ಸೈನ್ಸ್‌ನಲ್ಲಿ ಶೇಪ್ ಮೆಮೊರಿ ಅಲಾಯ್ ಅಂತ ಬಂದಾಗ ನಮ್ಮಲ್ಲೊಬ್ಬ ನಿದ್ದೆ ಹೊಡೆದಿದ್ದ. ಆದರೆ ಜಾಳಿಗೆ ಮುರಿಯಬಹುದು, ಜರುಗಬಹುದು, ಹಾಕಿದ ಮೇಲೂ ಕೆಮ್ಮು ಪೂರ್ತಿ ಹೋಗಲ್ಲ. ಬೇರೆ ಯಾವುದೂ ನಡೆಯದಾಗ ಮಾತ್ರ ಅದು ಅಂದರು. ಹೃದಯ ದೊಡ್ಡದಾಗಿದ್ದರೂ ನಾಳ ಒತ್ತಿ ಕೆಮ್ಮು ಬರುತ್ತೆ ಅಂತ ಅದನ್ನೂ ನೋಡಿದರು, ಸರಿ ಇತ್ತು. ಕೆಮ್ಮು ತಡೆಯೋಕೆ ಒಂದು ಗುಳಿಗೆ, ಊತ ಇಳಿಸೋಕೆ ಕೆಲವು ದಿನ ಮತ್ತೊಂದು, ತೀರಾ ಗಾಬರಿಯಾದ ಹೊತ್ತಿಗೆ ಅಂತ ಮಲಗಿಸೋ ಗುಳಿಗೆ ಎರಡು. ಜೊತೆಗೆ ಮೂರು ಮಾತು. ಕೊರಳಪಟ್ಟಿ ಇವತ್ತೇ ತೆಗೆಯಿರಿ. ತೂಕ ಇಳಿಸಿ. ಹೊಗೆ, ಧೂಳು, ಬಿಸಿಲು ದೂರ ಇಡಿ. "ಇದು ವಾಸಿ ಆಗೂದಲ್ರಿ, ಸಂಭಾಳಿಸೂದು" ಅಂದರು.

ಪಟ್ಟಿಯನ್ನ ಗಾಡಿಯಲ್ಲೇ ಬಿಚ್ಚಿದೆವು. ಕೂದಲು ಸವೆದು ಕುತ್ತಿಗೆಯ ಸುತ್ತ ಒಂದು ಗೆರೆ. ಆನ್‌ಲೈನಿನಲ್ಲಿ ತರಿಸಿದ ಎದೆಪಟ್ಟಿ ದೊಡ್ಡದಾಯಿತು, ಎರಡನೆಯದು ಬಗಲಲ್ಲಿ ತಿಕ್ಕಿ ಗಾಯ ಮಾಡಿತು. ಅಜ್ಜ ಸುಮ್ಮನೆ ನೋಡುತ್ತಾ ಕೂತಿದ್ದವನು ಕೊನೆಗೆ ಅಂದ: "ಎತ್ತಿಗೆ ನೊಗಾ ಹೆಗಲ ಮ್ಯಾಲ ಇಡ್ತೀವಿ. ಕುದರಿಗೆ ಎದಿಗೆ ಪಟ್ಟಿ ಹಾಕ್ತಾರ. ಕುತಗಿಗೆ ಉರುಳ ಹಾಕಿ ಯಾರರೇ ಎಳಸ್ತಾರೇನೋ? ಓದಿದಾವ್ರು ನೀವು." ಅಜ್ಜ ಎತ್ತಿನ ಗಾಡಿ ಹೊಡೆದವನು. ಬಲ, ಕ್ಷೇತ್ರಫಲ, ಒತ್ತಡ ಅಂತ ನಾವು ಹೇಳೋ ಮೊದಲೇ ಅವನು ಹಳೇ ಜೂಲದ ಅರಿವೆ ತಂದು, ಟೇಲರ್ ಹತ್ತಿರ ಹೋಗಿ ಎದೆಗೂ ಹೊಟ್ಟೆಗೂ ಬರೋ ಹಾಗೆ ಹೊಲಿಸಿಕೊಂಡು ಬಂದ. ಕೆಂಪು ಬಣ್ಣದ್ದು. ಈಗಲೂ ಅದೇ ಇದೆ. ಗೆಜ್ಜೆ ಅದಕ್ಕೇ ಕಟ್ಟಿದೆ.

ತೂಕದ್ದು ಬೇರೆ ಕಥೆ. ಒಬ್ಬರು ಅವನನ್ನ ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಬರಿಗೈಯಲ್ಲಿ ನಿಂತು ಕಳೆದರೆ 9.4 ಕಿಲೋ. 7.5ಕ್ಕೆ ತನ್ನಿ ಅಂದಿದ್ದರು. ಬಿಸ್ಕೀಟು ಬಂದ್ ಅಂತ ಗೋಡೆಗೆ ಚೀಟಿ ಹಚ್ಚಿದೆವು. ಎರಡು ತಿಂಗಳು ಇಳಿಯಲೇ ಇಲ್ಲ. ಆಯಿಗೆ ಓದಲು ಬರೋದಿಲ್ಲ ಅನ್ನೋದು ನಮಗೆ ತಡವಾಗಿ ಹೊಳೆಯಿತು. ಓದಲು ಬಂದಿದ್ದರೂ ಅವಳು ಕೊಡುತ್ತಿದ್ದಳು, ಅದು ಬೇರೆ ಮಾತು. ಚಹಾಕ್ಕೆ ಅದ್ದಿದ ಒಂದು ಬಿಸ್ಕೀಟು ದಿನಾ ಬೆಳಿಗ್ಗೆ ಇಬ್ಬರೂ ಹಂಚಿಕೊಳ್ಳುತ್ತಿದ್ದರು.

ಆ ಬೆಳಗಿನ ವಿಷಯಕ್ಕೇ ಬರಬೇಕು. ಡಾಕ್ಟರು ಯಾವಾಗ ಕೆಮ್ಮುತ್ತಾನೆ ಬರೆದಿಡಿ ಅಂದಿದ್ದರು. ಇನ್ನೂರು ಪೇಜಿನ ನೋಟ್‌ಬುಕ್ ತಂದು ಗೆರೆ ಹೊಡೆದೆವು: ಹೊತ್ತು, ಎಷ್ಟು ಸಲ, ಅದಕ್ಕೂ ಮುಂಚೆ ಏನಾಗಿತ್ತು. ಸಿವಿಲ್‌ನವ "ಎಲ್ಲಿ" ಅಂತ ನಾಲ್ಕನೇ ಸಾಲು ಸೇರಿಸಿದ. ನಾವು ಇಲ್ಲಿಗೆ ಬಂದ ಮೇಲೆ ಅವ್ವ ಬರೆದು ಪ್ರತಿ ರವಿವಾರ ಫೋಟೋ ಕಳಿಸುತ್ತಿದ್ದಳು, ನಾವು ಎಕ್ಸೆಲ್‌ಗೆ ಹಾಕುತ್ತಿದ್ದೆವು. ನೀರು ಕುಡಿದಾಗ ಕೆಮ್ಮು, ಅಪ್ಪನ ಬೈಕಿನ ಸಪ್ಪಳಕ್ಕೆ ಕುಣಿದಾಗ ಕೆಮ್ಮು, ಇವು ಮೊದಲೇ ಗೊತ್ತಿದ್ದವು. ಆದರೆ ಅರ್ಧಕ್ಕಿಂತ ಹೆಚ್ಚು ಕೆಮ್ಮು ಬೆಳಿಗ್ಗೆ ಐದೂವರೆಯಿಂದ ಏಳರ ಒಳಗೆ, ಎಲ್ಲಿ ಅನ್ನೋ ಕಡೆ ಅವ್ವನ ಗುಂಡು ಅಕ್ಷರದಲ್ಲಿ "ನೀರಿನ ಒಲಿ ಹತ್ರ", "ನೀರಿನ ಒಲಿ ಹತ್ರ", ಪೇಜು ಪೇಜು ಅದೇ.

ಅಡಿಗೆಗೆ ಗ್ಯಾಸ್ ಬಂದು ವರ್ಷಗಳಾದವು, ಆದರೆ ಜಳಕದ ನೀರು ಇನ್ನೂ ಒಲೆಯ ಮೇಲೇ. ಒಲೆಗೆ ಕಬ್ಬಿನ ರವದಿ, ಕುಳ್ಳು, ಕೆಲವೊಮ್ಮೆ ಪ್ಲಾಸ್ಟಿಕ್ ಚೀಲ ಕೂಡ. ಚಳಿಗೆ ಬೆಚ್ಚಗೆ ಅಂತ ಪಿಂಟ್ಯಾ ಅಲ್ಲೇ ಮಲಗುತ್ತಿದ್ದ. ಅವನ ಪಕ್ಕ ಒಲೆ ಊದುತ್ತಾ ಕೂತಿರುತ್ತಿದ್ದವಳು ಆಯಿ.

ಆಯಿಯೂ ಕೆಮ್ಮುತ್ತಾಳೆ. ನಮಗೆ ತಿಳುವಳಿಕೆ ಬಂದಾಗಿನಿಂದ ಕೆಮ್ಮುತ್ತಾಳೆ. ಅದು ನಮಗೆ ಮನೆಯ ಗಡಿಯಾರದ ಸಪ್ಪಳದ ಹಾಗೆ, ಕಿವಿಗೆ ಬೀಳುತ್ತಲೇ ಇರಲಿಲ್ಲ. ಅವ್ವ ಕಳಿಸಿದ್ದ ಆ ಹದಿನೆಂಟು ಸೆಕೆಂಡಿನ ಆಡಿಯೋ ಮತ್ತೆ ಕೇಳಿದೆವು. ಪಿಂಟ್ಯಾನ ಹಾರ್ನ್ ಹಿಂದೆ, ಸಣ್ಣಗೆ, ಆಯಿಯ ಕೆಮ್ಮು ಇದೆ. ಹತ್ತು ಸಲ ಹಚ್ಚಿ ಕೇಳಿದ ಆಡಿಯೋ ಅದು.

ಊರಿನಲ್ಲಿ ಪಕ್ಕದ ಮನೆಯ ಕಾಕು ಮೊದಲೇ ಅಂದಿದ್ದರಂತೆ, "ನಾಯಿಗಿ ಎಕ್ಸ್‌ರೇ ಆತು, ಮುದಕಿಗಿ ಯಾವಾಗ?" ಅಂತ. ಚೇಷ್ಟೆಗೆ ಅಂದದ್ದು. ಅವ್ವ ಅದನ್ನ ನಮಗೆ ಹೇಳಿರಲಿಲ್ಲ, ನಾವು ಎಕ್ಸೆಲ್ ತೋರಿಸಿದ ಮೇಲೆ ಹೇಳಿದಳು. ಅಪ್ಪ ಒಂದು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮರುದಿನ ಆಯಿಯನ್ನ ಮಿರಜಕ್ಕೆ ಕರಕೊಂಡು ಹೋದರು. ನಮ್ಮ ಕಡೆಯವರಿಗೆ ದೊಡ್ಡ ದವಾಖಾನಿ ಅಂದರೆ ಮಿರಜವೇ. ಅಲ್ಲಿ ಕೊಳವೆಗೆ ಬಾಯಿಟ್ಟು ಜೋರಾಗಿ ಊದಿಸೋ ಪರೀಕ್ಷೆ ಮಾಡಿದರು. ಆಯಿ ಊದಿದಳು, ಮೀಟರ್ ಏರಲಿಲ್ಲ. "ಜಲ್ಮಾ ಪೂರ್ತಿ ಒಲಿ ಊದೀನಿ, ಈ ಕೊಳವಿ ಊದಾಕ ಬರವಲ್ತಲ್ಲೋ" ಅಂದಳಂತೆ. ಸಿಒಪಿಡಿ ಅಂತ ಚೀಟಿ ಬರೆದುಕೊಟ್ಟರು. ಬೀಡಿ ಸಿಗರೇಟು ಮುಟ್ಟದವರಿಗೂ ಒಲೆ ಹೊಗೆಯಿಂದ ಅದು ಬರುತ್ತೆ. ಇನ್‌ಹೇಲರ್ ಶುರುವಾಯಿತು.

ಅಪ್ಪ ಒಲೆಯನ್ನ ಹಿತ್ತಲಿಗೆ, ಬಯಲಿಗೆ ಹಾಕಿಸಿದರು. ಗೀಜರ್ ಕೂರಿಸಿ ಅಂತ ನಾವು ಅಂದರೆ ಮುಂದಿನ ಬಿಲ್ಲಿಗೆ ಅಂತಾರೆ. ಪಿಂಟ್ಯಾನ ಹಾಸಿಗೆ ಪಡಸಾಲಿಗೆ ಬಂತು.

ಇಷ್ಟಾದರೂ ಮೇ ತಿಂಗಳಲ್ಲಿ ಒಂದು ರಾತ್ರಿ ಅವನು ಕೈಬಿಟ್ಟ ಅಂತಲೇ ಅನ್ನಿಸಿತ್ತು. ಮನೆ ತುಂಬ ಬೀಗರು, ಹೊರಗೆ ಡೊಳ್ಳು, ಪಟಾಕಿ, ಹಗಲೆಲ್ಲ ಬೊಗಳಿದ್ದ. ನಾಯಿಗೆ ನಮ್ಮ ಹಾಗೆ ಮೈ ಬೆವರಲ್ಲ, ತೇಕಿಯೇ ತಂಪಾಗಬೇಕು. ತೇಕಿದಷ್ಟೂ ಮೆತ್ತಗಿನ ನಾಳ ಬಡಿದುಕೊಂಡು ಊದುತ್ತೆ, ಊದಿದಷ್ಟೂ ಗಾಳಿ ಸಾಲದೆ ಇನ್ನೂ ತೇಕುತ್ತೆ. ಹನ್ನೊಂದರ ಸುಮಾರಿಗೆ ಕರೆಂಟು ಹೋಯಿತು. ಹಾರ್ನ್ ಶುರುವಾದದ್ದು ನಿಲ್ಲಲಿಲ್ಲ. ಬ್ಯಾಟರಿ ಹಿಡಿದು ನೋಡಿದರೆ ನಾಲಿಗೆ ನೇರಳೆ ಹಣ್ಣು ತಿಂದ ಹಾಗೆ ನೀಲಿ. ಕಾಕಾ ಬಾಯಿಗೆ ನೀರು ಹಾಕೋಕೆ ಬಂದರು, ತಡೆದೆವು. ಸುತ್ತ ನಿಂತವರನ್ನೆಲ್ಲ ಸರಿಸಿ ಮಾಳಗಿ ಮೇಲೆ ಒಯ್ದು, ಹೊಟ್ಟೆಗೂ ಪಾದಕ್ಕೂ ಒದ್ದೆ ಅರಿವೆ ಹಾಕಿ, ಒಬ್ಬ ರಟ್ಟಿನಿಂದ ಗಾಳಿ ಹಾಕಿದ, ಇನ್ನೊಬ್ಬ ಡಾಕ್ಟರಿಗೆ ಫೋನ್ ಹಚ್ಚಿದ. ಪುಣ್ಯಕ್ಕೆ ಎತ್ತಿದರು. ಗಾಬರಿಯ ಗುಳಿಗೆ ಕೊಡ್ರಿ, ಗಾಡಿ ರೆಡಿ ಇಟ್ಕೊಳ್ರಿ, ಕುತ್ತಿಗೆ ಹಿಡಿಯಬೇಡಿ, ನೀವು ಗದ್ದಲ ಮಾಡಬೇಡಿ, ಬಣ್ಣ ತಿರುಗದಿದ್ದರೆ ಹೊರಟುಬಿಡಿ ಅಂದರು. ಅಪ್ಪ ಗಾಡಿ ಚಾಲೂ ಮಾಡಿಕೊಂಡು ಕೆಳಗೆ ಕಾದರು. ಇಪ್ಪತ್ತು ನಿಮಿಷದ ಮೇಲೆ ನಾಲಿಗೆ ಗುಲಾಬಿ ಬಣ್ಣಕ್ಕೆ ತಿರುಗಿತು. ನಿದ್ದೆ ಹತ್ತಿದ ಮೇಲೆ ಉಸಿರು ಎಣಿಸಿದೆವು, ನಿಮಿಷಕ್ಕೆ ಇಪ್ಪತ್ತಾರು. ಮಲಗಿದಾಗ ಮೂವತ್ತರ ಒಳಗಿದ್ದರೆ ಸರಿ ಅಂತ ಹೇಳಿದ್ದರು. ಆದರೂ ಬೆಳಗಾಗೋವರೆಗೆ ಸರದಿಯಲ್ಲಿ ಎಣಿಸಿದೆವು.

ರವದಿ ಸುಡೋದರ ಬಗ್ಗೆ ಅಪ್ಪನ ಜೊತೆ ಇನ್ನೂ ವಾದ ನಡೆದೇ ಇದೆ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿದ ರವದಿಗೆ ಬೆಂಕಿ ಹಚ್ಚಿದರೆ ಊರಿಗೆ ಊರೇ ಹೊಗೆ. ಪುಡಿ ಮಾಡಿ ಸಾಲಿನಲ್ಲೇ ಬಿಟ್ಟರೆ ಗೊಬ್ಬರವಾಗುತ್ತೆ, ತೇವ ಹಿಡಿಯುತ್ತೆ ಅಂತ ನಾವು. ಯಂತ್ರದ ಬಾಡಿಗೆ ಯಾರು ಕೊಡ್ತಾರ, ಇಲಿ ಆಗ್ತಾವು, ಕುಳೆ ಕಬ್ಬು ಸರಿಯಾಗಿ ಏಳೂದಿಲ್ಲ ಅಂತ ಅವರು. ಈ ವರ್ಷ ಎರಡು ಎಕರೆಯಲ್ಲಿ ಸುಡಲಿಲ್ಲ. ಸುತ್ತಲಿನವರು ಸುಟ್ಟರು. ಆ ವಾರ ಕಿಟಕಿ ಮುಚ್ಚಿ ಇಬ್ಬರನ್ನೂ ಒಳಗೇ ಇಟ್ಟಿದ್ದರು, ಆಯಿಯನ್ನೂ ಪಿಂಟ್ಯಾನನ್ನೂ. ಇಬ್ಬರಿಗೂ ಅದು ಸೇರಲಿಲ್ಲ.

ಪಿಂಟ್ಯಾ ಈಗ 7.8 ಕಿಲೋ. ಕೆಮ್ಮು ಹೋಗಿಲ್ಲ. ಬಿಸ್ಕೀಟಿನ ಬದಲು ಆಯಿ ಗಜ್ಜರಿ ತುಣುಕು ಕೊಡುತ್ತಾಳೆ, ಅವನು ಮೂಸಿ ನೋಡಿ, ಅವಳ ಮುಖ ನೋಡಿ, ತಿನ್ನುತ್ತಾನೆ. ಅವ್ವ ನೋಟ್‌ಬುಕ್ಕಿನಲ್ಲಿ ತಾನೇ ಐದನೇ ಸಾಲೊಂದು ಎಳೆದಿದ್ದಾಳೆ. ಈ ರವಿವಾರ ಬಂದ ಫೋಟೋದ ಕೊನೆಯ ಗೆರೆ ಹೀಗಿದೆ: "ಮುಂಜಾನೆ ಆರು ಗಂಟೆ. ಪಡಸಾಲಿ. ಪಿಂಟ್ಯಾ ಎರಡು ಸಲ. ಅತ್ತಿ ಮೂರು ಸಲ."